ರಾತ್ರಿಪಾಳಿಯ ಬುತ್ತಿ: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಊರು ಮಲಗಿದ ಮೇಲೆ ದುಡಿಯುವವರದು. ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿ ಐದಕ್ಕೆ ಇಳಿಸಿದ್ದೇವೆ.

ಪ್ರ: ಪೀಣ್ಯದ ಕಾರ್ಖಾನೆಯಲ್ಲಿ ಕೆಲಸ, ರಾತ್ರಿ 10ರಿಂದ ಬೆಳಗ್ಗೆ 6ರ ಪಾಳಿ. ಸಂಜೆ 6ಕ್ಕೆ ಏನೋ ಒಂದಿಷ್ಟು ತಿಂಡಿ ತಿಂದು, ರಾತ್ರಿ 1ಕ್ಕೆ ಕ್ಯಾಂಟೀನಿನಲ್ಲಿ ಹೊಟ್ಟೆ ತುಂಬ ಅನ್ನ–ಸಾಂಬಾರು ಉಣ್ಣುತ್ತೇನೆ. 3ರ ಹೊತ್ತಿಗೆ ತೂಕಡಿಕೆ, ಮನೆಗೆ ಬಂದು ಮಲಗಿದರೆ ಎದೆಯುರಿ. ಆರು ತಿಂಗಳಲ್ಲಿ 4 ಕೆ.ಜಿ. ಏರಿದ್ದೇನೆ. ಅನ್ನ ಬಿಡಬೇಕೇ?

ಉ: ಅನ್ನ ಬಿಡುವುದು ಬೇಡ, ಉಣ್ಣುವ ಹೊತ್ತು ಬದಲಿಸಿ. ನಿಮಗೆ ಪಾಳಿ ಬದಲಾದರೂ ಮೇದೋಜ್ಜೀರಕ ಗ್ರಂಥಿ ಇನ್ನೂ ಹಗಲು ಪಾಳಿಯಲ್ಲೇ ಇರುತ್ತದೆ. ರಾತ್ರಿ ಅದು ಇನ್ಸುಲಿನ್ ಬಿಡುವುದು ನಿಧಾನ, ಇನ್ಸುಲಿನ್‌ಗೆ ಮೈ ಸ್ಪಂದಿಸುವುದೂ ಕಡಿಮೆ. ಹಾಗಾಗಿ ಬೆಳಗ್ಗೆ 8ಕ್ಕೆ ತಿಂದರೆ ಸುಮ್ಮನಿರುವ ಅದೇ ತಟ್ಟೆ ಅನ್ನ ರಾತ್ರಿ 1ಕ್ಕೆ ತಿಂದರೆ ರಕ್ತದ ಸಕ್ಕರೆಯನ್ನು ಹೆಚ್ಚು ಏರಿಸುತ್ತದೆ, ಅದು ಇಳಿಯುವುದಕ್ಕೂ ಹೆಚ್ಚು ಹೊತ್ತು ಬೇಕು. ರಾತ್ರಿ ಹೊಟ್ಟೆ ಖಾಲಿಯಾಗುವುದೂ ತಡ. ನಿಮ್ಮ ತೂಕಡಿಕೆಗೂ ಎದೆಯುರಿಗೂ ಬೇರು ಇಲ್ಲೇ ಇದೆ.

ದೊಡ್ಡ ಊಟವನ್ನು ಮನೆ ಬಿಡುವ ಮುಂಚೆಯೇ, 8ರಿಂದ 8:30ರೊಳಗೆ ಮುಗಿಸಿ. 80 ಗ್ರಾಂ ಹಿಟ್ಟಿನ ಒಂದು ಮುದ್ದೆ ಅಥವಾ ಎರಡು ಚಪಾತಿ, ಬಸ್ಸಾರು, ಅದರ ಸೊಪ್ಪು–ಕಾಳಿನ ಪಲ್ಯ, ಕೊನೆಗೆ ಒಂದು ಹಿಡಿ ಅನ್ನಕ್ಕೆ ಮಜ್ಜಿಗೆ. ಬಸ್ಸಾರು ಮಾಡಿದ ದಿನ ಸಾರನ್ನು ಸೊರ್ರನೆ ಸುರಿದುಕೊಂಡು ಪಲ್ಯವನ್ನು ನೆಂಚಿಕೊಳ್ಳಲು ಎರಡು ಬೆರಳಷ್ಟು ಇಟ್ಟುಕೊಳ್ಳುವುದು ರೂಢಿ. ಆದರೆ ಬಸಿದ ನೀರು ಸಾರಿಗೆ ಹೋದ ಮೇಲೆ ಕಾಳಿನ ಪ್ರೋಟೀನು, ಸೊಪ್ಪಿನ ನಾರು ಉಳಿಯುವುದು ಆ ಪಲ್ಯದಲ್ಲೇ. ಅದು ಒಂದು ದೊಡ್ಡ ಬಟ್ಟಲು ಇರಲಿ. ಹಾಗೆ ಉಂಡರೆ 1ರವರೆಗೆ ಹಸಿವು ಕಾಡುವುದಿಲ್ಲ.

ಕ್ಯಾಂಟೀನಿನ ಊಟಕ್ಕೆ ಕೂಪನ್ ಕೊಟ್ಟಿರುತ್ತಾರೆ, ಬಿಡಲು ಮನಸ್ಸಾಗದು. ಬಿಡಬೇಡಿ, ಅಳತೆ ತಿರುಗಿಸಿ: ಅನ್ನ ಒಂದು ಸೌಟು, ಸಾಂಬಾರು ಎರಡು ಸೌಟು. ಸೌಟನ್ನು ತಳ ಮುಟ್ಟಿಸಿ ಬಡಿಸಲು ಹೇಳಿ; ಬೇಳೆ, ತರಕಾರಿ ಕೂತಿರುವುದು ಅಲ್ಲೇ, ಮೇಲೆ ಬರೀ ಹುಳಿನೀರು. ಒಂದು ಲೋಟ ಮಜ್ಜಿಗೆ ಕುಡಿಯಿರಿ. ಹಪ್ಪಳ, ಬೋಂಡಾ, ಉಪ್ಪಿನಕಾಯಿ ಬೇಡ. ಇದು 1ರೊಳಗೆ ಮುಗಿಯಬೇಕು.

ಬೆಳಗಿನ ಜಾವ 3ರಿಂದ 5ರ ನಡುವೆ ಮೈಯ ಉಷ್ಣತೆ ದಿನದಲ್ಲೇ ಅತಿ ಕೆಳಗಿರುತ್ತದೆ. ಚಳಿ, ಆಕಳಿಕೆ, ಬಾಯಿಗೆ ಏನಾದರೂ ಬೇಕೆನಿಸುವುದು ಎಲ್ಲ ಒಟ್ಟಿಗೆ ಬರುತ್ತವೆ. ಇದನ್ನು ಹಸಿವು ಎಂದುಕೊಂಡು ಬಿಸ್ಕತ್ ಪೊಟ್ಟಣ ಒಡೆಯುವವರೇ ಹೆಚ್ಚು. ಮೊದಲು ನೀರು ಕುಡಿದು ಐದು ನಿಮಿಷ ಓಡಾಡಿ. ಆಮೇಲೂ ಹಸಿವಾದರೆ ಒಂದು ಏಲಕ್ಕಿ ಬಾಳೆಹಣ್ಣು, 25–30 ಗ್ರಾಂ ಹುರಿದ ಕಡಲೆಕಾಯಿ ಬೀಜ ಸಾಕು. ಬೀಜವನ್ನು ಮನೆಯಲ್ಲೇ ಅಳೆದು ಚಿಕ್ಕ ಡಬ್ಬಿಗೆ ಹಾಕಿ ತನ್ನಿ, ಅರ್ಧ ಕೆ.ಜಿ. ಪೊಟ್ಟಣ ಲಾಕರ್‌ನಲ್ಲಿದ್ದರೆ 30 ಗ್ರಾಂಗೆ ನಿಲ್ಲುವ ಕೈ ಯಾರದೂ ಅಲ್ಲ.

ಬೆಳಗ್ಗೆ 6:30ಕ್ಕೆ ಎರಡು ಇಡ್ಲಿ ಅಥವಾ ಒಂದು ಲೋಟ ಉಪ್ಪು–ಮಜ್ಜಿಗೆಯ ರಾಗಿ ಅಂಬಲಿ ತೆಗೆದುಕೊಳ್ಳಿ. ಬರೀ ಹೊಟ್ಟೆಯಲ್ಲಿ ಮಲಗಿದರೆ 11ಕ್ಕೇ ಹಸಿವು ಎಬ್ಬಿಸುತ್ತದೆ. ಪೂರಿ–ಸಾಗು, ಮಸಾಲೆ ದೋಸೆ ತಿಂದು ಮಲಗಿದರೆ ಎದೆಯುರಿ ಎಬ್ಬಿಸುತ್ತದೆ. ತಿಂದ ಮೇಲೆ ಒಂದು ಗಂಟೆಯಾದರೂ ಕಳೆಯಲಿ, ಎಡ ಮಗ್ಗುಲಿಗೆ ಮಲಗಿ. ಮಂಚದ ತಲೆಯ ಕಡೆಯ ಕಾಲುಗಳ ಕೆಳಗೆ ಅರ್ಧ ಅಡಿ ಎತ್ತರಕ್ಕೆ ಇಟ್ಟಿಗೆ ಇಡಿ. ದಿಂಬಿನ ಮೇಲೆ ದಿಂಬು ಇಟ್ಟರೆ ಹೊಟ್ಟೆ ಮಡಚಿಕೊಂಡು ಹುಳಿ ಇನ್ನಷ್ಟು ಮೇಲೆ ಬರುತ್ತದೆ. ಮಧ್ಯಾಹ್ನ 2ಕ್ಕೆ ಎದ್ದು ಅನ್ನದ ಊಟ ಮಾಡಿ, ಅದು ಅನ್ನಕ್ಕೆ ಒಳ್ಳೆಯ ಹೊತ್ತು.

ಇಷ್ಟು ಮಾಡಿಯೂ ಎದೆಯುರಿ ಮೂರು ವಾರ ಬಿಡದಿದ್ದರೆ, ನುಂಗಲು ಕಷ್ಟವಾದರೆ, ಮಲ ಕಪ್ಪಾಗಿ ಹೋದರೆ ಮಾತ್ರೆ ಅಂಗಡಿ ಬಿಟ್ಟು ವೈದ್ಯರಲ್ಲಿಗೆ ಹೋಗಿ.

ಪ್ರ: ಹುಬ್ಬಳ್ಳಿಯಲ್ಲಿ ನರ್ಸ್. ರಾತ್ರಿ 8ರಿಂದ ಬೆಳಗ್ಗೆ 8ರವರೆಗೆ ಡ್ಯೂಟಿ. ವಾರ್ಡಿನ ಫ್ರಿಜ್ ಔಷಧಕ್ಕೆ ಮಾತ್ರ. ಸಂಜೆ ಮಾಡಿ ಒಯ್ದ ಚಿತ್ರಾನ್ನ ರಾತ್ರಿ 1ಕ್ಕೆ ತೆರೆದರೆ ಒಮ್ಮೊಮ್ಮೆ ವಾಸನೆ. ಏನು ಒಯ್ಯಬೇಕು?

ಉ: ವಾಸನೆ ಬಂದ ದಿನ ನೀವು ಚೆಲ್ಲುತ್ತೀರಿ, ಬಾರದ ದಿನವೇ ಅಪಾಯ. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಅನ್ನ ಬೆಂದರೂ ಸಾಯುವುದಿಲ್ಲ. ಅನ್ನ ಉಗುರುಬೆಚ್ಚಗೆ ಗಂಟೆಗಟ್ಟಲೆ ಕೂತರೆ ಅವು ಮೊಳೆತು ವಿಷ ಬಿಡುತ್ತವೆ. ವಾಂತಿ ತರಿಸುವ ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ, ರುಚಿಯಲ್ಲೂ ಸುಳಿವು ಕೊಡುವುದಿಲ್ಲ. ಸಂಜೆ 6ರ ಚಿತ್ರಾನ್ನ ಬಿಸಿಯಿದ್ದಂತೆಯೇ ಡಬ್ಬಿಗೆ ತುಂಬಿ ಮುಚ್ಚಿದರೆ ಆಗುವುದು ಇದೇ. ಮುಚ್ಚಳದ ಒಳಗೆ ಕಟ್ಟಿದ ಹನಿ ಅನ್ನಕ್ಕೇ ಬಿದ್ದು ಮತ್ತಷ್ಟು ಕೆಡಿಸುತ್ತದೆ. ಒದ್ದೆ ಅಡುಗೆ ಏನೇ ಇರಲಿ, ಬೇಸಿಗೆಯಲ್ಲಿ ಎರಡು ಗಂಟೆಗಿಂತ ಹೆಚ್ಚು ಹೊರಗೆ ಇಡಬೇಡಿ. ಹಸಿ ತೆಂಗಿನಕಾಯಿ ಬಿದ್ದದ್ದು ಇನ್ನೂ ಬೇಗ ಕೆಡುತ್ತದೆ. ಹಸಿ ಮೊಳಕೆಕಾಳೂ ಬುತ್ತಿಗೆ ಬೇಡ.

ನಿಮ್ಮ ಕಡೆಯ ಅಡುಗೆಮನೆಯಲ್ಲೇ ಉತ್ತರ ಇದೆ. ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ, ಸೌತೆಕಾಯಿ, ಉಳ್ಳಾಗಡ್ಡಿ: ಯಾವುದಕ್ಕೂ ಫ್ರಿಜ್ ಬೇಡ. ಎರಡು ಕಡಕ್ ರೊಟ್ಟಿಗೆ ಎರಡು ದೊಡ್ಡ ಚಮಚ ಶೇಂಗಾ ಹಿಂಡಿ ಹಾಕಿಕೊಂಡರೆ ಮಧ್ಯರಾತ್ರಿಗೆ ಸಾಕಾಗುವ ಊಟ. ಸೌತೆಕಾಯಿಯನ್ನು ಇಡಿಯಾಗಿ ಒಯ್ದು ಅಲ್ಲೇ ಹೆಚ್ಚಿ.

ಬಿಸಿಯೇ ಬೇಕೆಂದರೆ ಅಗಲ ಬಾಯಿಯ ಸ್ಟೀಲ್ ಫ್ಲಾಸ್ಕ್ ಕೊಳ್ಳಿ. ಕುದಿಯುವ ನೀರು ತುಂಬಿ ಹತ್ತು ನಿಮಿಷ ಇಟ್ಟು ಚೆಲ್ಲಿ, ಆಮೇಲೆ ಕುದಿಯುತ್ತಿರುವ ಬೇಳೆ ಸಾರು ಅಥವಾ ತರಕಾರಿ ಹಾಕಿದ ತೆಳು ಕಿಚಡಿಯನ್ನು ಕತ್ತಿನವರೆಗೆ ತುಂಬಿ ಮುಚ್ಚಿ. ಅರ್ಧ ತುಂಬಿಸಿದ ಫ್ಲಾಸ್ಕ್ ಬೇಗ ಆರುತ್ತದೆ. ತೆರೆದಾಗ ಹಬೆ ಏಳಬೇಕು, ಉಗುರುಬೆಚ್ಚಗಿದ್ದರೆ ಉಣ್ಣಬೇಡಿ.

ಮೂರನೆಯದು ನಮಗೆ ಎಲ್ಲಕ್ಕಿಂತ ಇಷ್ಟವಾದದ್ದು: ಅಲ್ಲೇ ಕಲಸುವ ಗೊಜ್ಜವಲಕ್ಕಿ. ಗಟ್ಟಿ ಅವಲಕ್ಕಿ ಒಂದು ಕಪ್ ತೆಗೆದುಕೊಂಡು ಮಿಕ್ಸಿಯಲ್ಲಿ ಎರಡು ಸುತ್ತು ಮಾತ್ರ ತಿರುಗಿಸಿ ದಪ್ಪ ರವೆಯಂತೆ ಮಾಡಿ. ನುಣ್ಣಗಾದರೆ ನೆನೆದಾಗ ಮುದ್ದೆಯಾಗುತ್ತದೆ. ಅದಕ್ಕೆ ಒಂದು ದೊಡ್ಡ ಚಮಚ ಒಣಕೊಬ್ಬರಿ ತುರಿ, ಹುರಿದ ಶೇಂಗಾ, ಪುಟಾಣಿ ತಲಾ ಒಂದು ಹಿಡಿ, ಉಪ್ಪು ಬೆರೆಸಿ ಡಬ್ಬಿಗೆ ಹಾಕಿ. ನಿಂಬೆಹಣ್ಣಿನ ಗಾತ್ರದ ಹುಣಸೆಹಣ್ಣಿನ ರಸ, ಬೆಲ್ಲ, ಸಾರಿನ ಪುಡಿಯನ್ನು ಒಗ್ಗರಣೆಯ ಎಣ್ಣೆಯಲ್ಲಿ ಎಣ್ಣೆ ಬಿಡುವವರೆಗೆ ಕುದಿಸಿ ಗೊಜ್ಜು ಮಾಡಿಟ್ಟರೆ ಫ್ರಿಜ್‌ನಲ್ಲಿ ಒಂದು ವಾರ ಇರುತ್ತದೆ. ದಿನಾ ಎರಡು ಚಮಚ ಸಣ್ಣ ಡಬ್ಬಿಯಲ್ಲಿ ಒಯ್ಯಿರಿ. ತಿನ್ನುವ ಇಪ್ಪತ್ತು ನಿಮಿಷ ಮುಂಚೆ ಗೊಜ್ಜನ್ನು ಮುಕ್ಕಾಲು ಕಪ್ ಕುಡಿಯುವ ನೀರಿಗೆ ಕದಡಿ ಅವಲಕ್ಕಿಗೆ ಸುರಿದು ಮುಚ್ಚಿಡಿ. ರೌಂಡ್ಸ್ ಮುಗಿಸಿ ಬರುವಷ್ಟರಲ್ಲಿ ಹದವಾಗಿರುತ್ತದೆ. ಗಟ್ಟಿ ಎನಿಸಿದರೆ ನೀರು ಚಿಮುಕಿಸಿ. ಮೊದಲೇ ನೀರು ಹೆಚ್ಚಾದರೆ ಸರಿಪಡಿಸಲಾಗದು.

ಪ್ರ: ಬೆಂಗಳೂರಿನಲ್ಲಿ ಕಾಲ್ ಸೆಂಟರ್ ಕೆಲಸ. ರಾತ್ರಿ ಐದು ಕಾಫಿ ಆಗುತ್ತದೆ, ಬೆಳಗ್ಗೆ 8ಕ್ಕೆ ಮಲಗಿದರೆ ನಿದ್ದೆ ಬಾರದು.

ಉ: ಒಂದು ಲೋಟ ಕಾಫಿಯಲ್ಲಿ ಸುಮಾರು 80–100 ಮಿ.ಗ್ರಾಂ ಕೆಫೀನ್ ಎಂದಿಟ್ಟುಕೊಳ್ಳಿ. ಡಿಕಾಕ್ಷನ್ ಎಷ್ಟು ಗಟ್ಟಿ, ಚಿಕೋರಿ ಎಷ್ಟು ಎಂಬುದರ ಮೇಲೆ ಹೆಚ್ಚುಕಮ್ಮಿ. ಅದರಲ್ಲಿ ಅರ್ಧ ಮೈಯಿಂದ ಹೋಗಲು ಐದಾರು ಗಂಟೆ ಬೇಕು. ಅಂದರೆ 4ಕ್ಕೆ ಕುಡಿದ ಕಾಫಿಯ ಅರ್ಧಭಾಗ ನೀವು ಹಾಸಿಗೆಯಲ್ಲಿ ಹೊರಳುವಾಗಲೂ ರಕ್ತದಲ್ಲಿರುತ್ತದೆ. ಆರೋಗ್ಯವಂತರಿಗೆ ದಿನಕ್ಕೆ 400 ಮಿ.ಗ್ರಾಂ ಮಿತಿ, ಗರ್ಭಿಣಿಯರಿಗೆ 200. ಪಾಳಿ ಶುರುವಿಗೆ ಒಂದು, 12ಕ್ಕೆ ಒಂದು, ಕೊನೆಯದು 2ರೊಳಗೆ ಅರ್ಧ ಲೋಟ. ವಿರಾಮ ಸಿಕ್ಕರೆ ಆ ಅರ್ಧ ಲೋಟ ಕುಡಿದ ತಕ್ಷಣ 20 ನಿಮಿಷ ಕಣ್ಣು ಮುಚ್ಚಿ. ಏಳುವ ಹೊತ್ತಿಗೆ ಕೆಫೀನ್ ಕೆಲಸ ಶುರುಮಾಡಿರುತ್ತದೆ. ಆಮೇಲೆ ಜೀರಿಗೆ ಕಷಾಯವೋ ಬಿಸಿ ತಿಳಿಸಾರೋ ಕುಡಿಯಿರಿ.

ಸಕ್ಕರೆಯನ್ನೂ ಲೆಕ್ಕ ಹಾಕಿ. ಲೋಟಕ್ಕೆ ಎರಡು ಚಮಚದಂತೆ ಐದು ಲೋಟಕ್ಕೆ 40–50 ಗ್ರಾಂ, ಅಂದರೆ 160ರಿಂದ 200 ಕ್ಯಾಲೊರಿ. ಹಾಲಿನದು ಬೇರೆ. ರಕ್ತಹೀನತೆ ಇರುವವರು ಊಟದ ಜೊತೆ ಕಾಫಿ, ಚಹಾ ಕುಡಿಯಬಾರದು, ಕಬ್ಬಿಣಾಂಶ ಮೈಗೆ ಸರಿಯಾಗಿ ಹತ್ತುವುದಿಲ್ಲ. ಒಂದು ಗಂಟೆ ಬಿಟ್ಟು ಕುಡಿಯಿರಿ.

ಪ್ರ: ಕಲಬುರಗಿ–ಬೆಂಗಳೂರು ರಾತ್ರಿ ಬಸ್ಸಿನ ಚಾಲಕ. ಸಕ್ಕರೆ ಕಾಯಿಲೆಗೆ ಗ್ಲಿಮೆಪಿರೈಡ್ ತೆಗೆದುಕೊಳ್ಳುತ್ತೇನೆ. ರಾತ್ರಿ 8ಕ್ಕೆ ಮಾತ್ರೆ ನುಂಗಿ ಹೊರಡುವುದು, ಊಟ 11ಕ್ಕೆ ಢಾಬಾದಲ್ಲಿ. ನಡುವೆ ಕೈ ನಡುಗುತ್ತದೆ, ಬೆವರುತ್ತದೆ.

ಉ: ಉಣ್ಣದೆ ಮಾತ್ರೆ ನುಂಗಿ ಹೊರಡುವುದನ್ನು ದಯವಿಟ್ಟು ಇಂದೇ ನಿಲ್ಲಿಸಿ. ನೀವು ಉಂಡರೂ ಉಣ್ಣದಿದ್ದರೂ ಆ ಮಾತ್ರೆ ಇನ್ಸುಲಿನ್ ಬಿಡಿಸುತ್ತದೆ. ಊಟವಿಲ್ಲದೆ ನುಂಗಿದ್ದರಿಂದ ಸಕ್ಕರೆ ಕುಸಿಯುತ್ತಿದೆ, ನಡುಕ ಮತ್ತು ಬೆವರು ಅದರ ಗುರುತು. ಮಾತ್ರೆ ಊಟದ ಜೊತೆಗೇ ಇರಬೇಕು. ಯಾವ ಊಟದ ಜೊತೆ, ಎಷ್ಟು ಪ್ರಮಾಣ ಎಂಬುದನ್ನು ನಿಮ್ಮ ಡ್ಯೂಟಿ ಚಾರ್ಟ್ ತೋರಿಸಿ ವೈದ್ಯರ ಹತ್ತಿರವೇ ಬರೆಸಿಕೊಳ್ಳಿ, ನೀವಾಗಿ ಬದಲಿಸಬೇಡಿ. ಹೊರಡುವ ಮುಂಚೆ ರಕ್ತದ ಸಕ್ಕರೆ ನೋಡುವ ಮೀಟರಿನಲ್ಲಿ 90ಕ್ಕಿಂತ ಕಡಿಮೆ ತೋರಿಸಿದರೆ ತಿಂದೇ ಹೊರಡಿ.

ದಾರಿಯಲ್ಲಿ ನಡುಕ ಬಂದರೆ ಬಸ್ ಪಕ್ಕಕ್ಕೆ ಹಾಕಿ ಮೂರು ಚಹಾಚಮಚ ಗ್ಲೂಕೋಸ್ ಪುಡಿ ಅಥವಾ ಸಕ್ಕರೆಯನ್ನು ನೀರಿಗೆ ಹಾಕಿ ಕುಡಿಯಿರಿ. ಚಾಕೊಲೇಟ್, ಕ್ರೀಮ್ ಬಿಸ್ಕತ್ ಬೇಡ. ಅವುಗಳ ಕೊಬ್ಬು ಸಕ್ಕರೆ ರಕ್ತಕ್ಕೆ ಸೇರುವುದನ್ನು ತಡಮಾಡುತ್ತದೆ. 15 ನಿಮಿಷಕ್ಕೆ ಮತ್ತೆ ನೋಡಿ, 70 ದಾಟಿರದಿದ್ದರೆ ಇನ್ನೊಮ್ಮೆ ಕುಡಿಯಿರಿ. ಸರಿಹೋದ ಮೇಲೆ ಏನಾದರೂ ತಿನ್ನಿ, ಮುಕ್ಕಾಲು ಗಂಟೆ ಸ್ಟೇರಿಂಗ್ ಹಿಡಿಯಬೇಡಿ. ಪ್ರಯಾಣಿಕರು ಗೊಣಗಲಿ, ಪರವಾಗಿಲ್ಲ. ಢಾಬಾದಲ್ಲಿ ಎರಡು ರೋಟಿ, ದಾಲ್ ಅಥವಾ ಎಗ್ ಬುರ್ಜಿ ಸಾಕು.

ಪ್ರ: ಮೈಸೂರಿನ ಗೃಹಿಣಿ. ಯಜಮಾನರಿಗೆ ವಾರಕ್ಕೊಂದು ಶಿಫ್ಟ್. ಶನಿವಾರ ಒಪ್ಪತ್ತು ಬೇರೆ. ಅಡುಗೆ ಹೊತ್ತನ್ನು ಹೇಗೆ ಹೊಂದಿಸಲಿ?

ಉ: ಮೂರೂ ಶಿಫ್ಟನ್ನು ಒಂದು ಹಾಳೆಯಲ್ಲಿ ಬರೆದು ನೋಡಿ. ಬೆಳಗಿನ ಶಿಫ್ಟಿನವರು 2:30ಕ್ಕೆ ಮನೆಗೆ ಬಂದು ಉಣ್ಣುತ್ತಾರೆ, ಮಧ್ಯಾಹ್ನದವರು 1ಕ್ಕೆ ಉಂಡು ಹೋಗುತ್ತಾರೆ, ರಾತ್ರಿಯವರು 2ಕ್ಕೆ ಎದ್ದು ಉಣ್ಣುತ್ತಾರೆ. ಮಧ್ಯಾಹ್ನದ ಊಟ ಮಾತ್ರ ಎಲ್ಲ ವಾರವೂ ಹೆಚ್ಚುಕಮ್ಮಿ ಒಂದೇ ಹೊತ್ತಿಗೆ ಬೀಳುತ್ತದೆ. ಅದನ್ನೇ ಮನೆಯ ಮುಖ್ಯ ಊಟ ಮಾಡಿ. ಉಳಿದವು ಹಿಂದೆ ಮುಂದೆ ಸರಿಯಲಿ. ಊಟಕ್ಕೆಂದು 11ಕ್ಕೆ ಅವರನ್ನು ಎಬ್ಬಿಸಬೇಡಿ.

ಒಪ್ಪತ್ತಿಗೂ ಇದೇ ಸರಿಹೊಂದುತ್ತದೆ: 2ಕ್ಕೆ ಊಟ, 8ಕ್ಕೆ ಫಲಾಹಾರ. ಫಲಾಹಾರ ಎಂದರೆ ಬರೀ ಸಾಬಕ್ಕಿಯಾದರೆ ಅದು ಹಿಟ್ಟೇ ಹೊರತು ಬೇರೇನಿಲ್ಲ, 11ಕ್ಕೆ ಮತ್ತೆ ಹಸಿವು. ಅರ್ಧದಷ್ಟು ಕಡಲೆಕಾಯಿ ಬೀಜ ಸೇರಿಸಿ, ಪಕ್ಕಕ್ಕೆ ಒಂದು ಬಟ್ಟಲು ಮೊಸರು ಇಡಿ. ಸಕ್ಕರೆ ಕಾಯಿಲೆಯ ಮಾತ್ರೆಯಲ್ಲಿದ್ದರೆ ವೈದ್ಯರನ್ನು ಕೇಳದೆ ಒಪ್ಪತ್ತು ಬೇಡ. ರಾತ್ರಿಪಾಳಿಯ ವಾರದಲ್ಲಿ ಮಿಕ್ಸಿ, ಕುಕ್ಕರ್ ಸೀಟಿ, ಒಗ್ಗರಣೆ ಎಲ್ಲವನ್ನೂ ಅವರು ಮಲಗುವ ಮುಂಚೆ ಮುಗಿಸಿಬಿಡಿ, ಇಲ್ಲವೇ ಅವರು ಎದ್ದ ಮೇಲೆ ಮಾಡಿ. ಒಣಮೆಣಸಿನಕಾಯಿಯ ಘಾಟಿಗೆ ಹತ್ತಿದ ಕೆಮ್ಮು ನಿದ್ದೆಯನ್ನು ಅಲ್ಲಿಗೇ ಮುಗಿಸುತ್ತದೆ.