ಉತ್ತರ: ಹನುಕ್ಕಾದ ಮೂರನೇ ರಾತ್ರಿ ನಾಲ್ಕು ಮೇಣದಬತ್ತಿ ಯಾಕೆ?

ಏಳೆಂಟು ವರ್ಷದ ಮಕ್ಕಳ ಕಥೆಪುಸ್ತಕ ಕನ್ನಡಕ್ಕೆ ತರುತ್ತಿದ್ದೀರಿ, ಯಹೂದಿಗಳ ಎಂಟು ರಾತ್ರಿಯ ಹಬ್ಬವಾದ ಹನುಕ್ಕಾದ ಮೂರನೇ ರಾತ್ರಿಯ ಚಿತ್ರದಲ್ಲಿ ನಾಲ್ಕು ಬತ್ತಿ ಉರಿಯುತ್ತಿವೆ, ತಪ್ಪೇ ಅಂತ ಕೇಳಿದ್ದೀರಿ. ತಪ್ಪಲ್ಲ. ಮೊದಲ ರಾತ್ರಿ ಒಂದು, ಆಮೇಲೆ ದಿನಕ್ಕೊಂದು ಹೆಚ್ಚು; ಹಾಗಾಗಿ ಮೂರು ಆ ರಾತ್ರಿಯ ಲೆಕ್ಕದವು, ನಾಲ್ಕನೆಯದು ಶಮಾಶ್, ಅಂದರೆ ಉಳಿದವನ್ನು ಹಚ್ಚುವ ಬತ್ತಿ. ಅದರ ಜಾಗ ಉಳಿದವುಗಳಿಂದ ಬೇರೆಯಾಗಿ, ಸಾಮಾನ್ಯವಾಗಿ ತುಸು ಎತ್ತರದಲ್ಲಿ ಇರುತ್ತದೆ. ಪ್ರತಿ ರಾತ್ರಿಯ ಶಮಾಶ್ ಸೇರಿ ಎಂಟು ರಾತ್ರಿಗೆ ಒಟ್ಟು 44 ಬತ್ತಿ ಬೇಕು.

ನೀವು ನಿಜವಾಗಿ ಎಣಿಸಬೇಕಾದ್ದು ದೀಪಸ್ತಂಭದ ಜಾಗಗಳನ್ನು: ಎಂಟು ರಾತ್ರಿಗೆ ಎಂಟು, ಶಮಾಶ್‌ಗೆ ಒಂದು, ಒಟ್ಟು 9 ಇರಬೇಕು. 7 ಕವಲಿನದ್ದು ಜೆರುಸಲೇಮಿನ ಹಳೆಯ ದೇವಾಲಯದ ದೀಪಸ್ತಂಭವಾದ ಮೆನೋರಾ, ಚಿತ್ರಕಾರರು ಎಡವುವುದು ಇಲ್ಲೇ. ಬತ್ತಿ ನಿಲ್ಲಿಸುವುದು ಬಲದಿಂದ ಎಡಕ್ಕೆ. ಹಚ್ಚುವುದು ಎಡದಿಂದ ಬಲಕ್ಕೆ, ಆ ದಿನದ ಹೊಸ ಬತ್ತಿ ಮೊದಲು. ಪುಟಕ್ಕೆ ಹೊಂದಲಿ ಅಂತ ಚಿತ್ರವನ್ನು ಕನ್ನಡಿಬಿಂಬದಂತೆ ತಿರುಗಿಸಿದರೆ ಕ್ರಮವೇ ಕೆಡುತ್ತದೆ. (ಕಿಟಕಿಯ ಹೊರಗಿನಿಂದ ಕಂಡ ನೋಟವಾದರೆ ಮಾತ್ರ ಎಡಬಲ ಅದಲುಬದಲಾಗಿರುವುದೇ ಸರಿ.)

ದಯವಿಟ್ಟು "ಯಹೂದಿಗಳ ದೀಪಾವಳಿ" ಅಂತ ಬರೆಯಬೇಡಿ. ಮಗುವಿಗೆ ನರಕಾಸುರ, ಪಟಾಕಿ ನೆನಪಾಗುತ್ತವೆ. ಇಲ್ಲಿರುವುದು ಜೆರುಸಲೇಮಿನ ದೇವಾಲಯವನ್ನು ಮರಳಿ ಪಡೆದ ಕಥೆ, ಒಂದು ದಿನಕ್ಕಾಗುವಷ್ಟು ಎಣ್ಣೆ ಎಂಟು ದಿನ ಉರಿದ ಕಥೆ. ಹಬ್ಬದ ತಿಂಡಿಯ ಲಾಟ್ಕೆ ಎಂಬ ಹೆಸರನ್ನೂ ಹಾಗೇ ಉಳಿಸಿ. "ಅಜ್ಜಿ ತುರಿದ ಆಲೂಗಡ್ಡೆ ಹಿಂಡಿ, ತಟ್ಟಿ, ಎಣ್ಣೆಗೆ ಬಿಟ್ಟಳು" ಅಂದರೆ ಸಾಕು, ಅಡಿಟಿಪ್ಪಣಿ ಬೇಕಾಗುವುದಿಲ್ಲ.