ಇಸಿಜಿ ಸರಿಯಿದೆ, ಭಯ ಮಾತ್ರ ಹೋಗಿಲ್ಲ

ಇವರನ್ನು ಮಂಜಣ್ಣ ಎನ್ನೋಣ. ಜಿಲ್ಲೆಯೊಂದನ್ನು ಬಿಟ್ಟು ಉಳಿದ ಗುರುತೆಲ್ಲ ಬದಲಿಸಿದ್ದೇನೆ. ಹಾಸನ ಜಿಲ್ಲೆಯವರು, ನಲವತ್ತು ದಾಟಿದೆ, ಕೊಬ್ಬರಿ ವ್ಯಾಪಾರ. 2025ರ ಜೂನ್, ಜುಲೈ ನೆನಪಿದೆ ಅಲ್ವಾ? ಹಾಸನದಲ್ಲಿ ಹೃದಯಾಘಾತಕ್ಕೆ ಇನ್ನೊಬ್ಬರು ಬಲಿ ಎಂದು ಟಿವಿಯಲ್ಲಿ ದಿನವೂ ಲೆಕ್ಕ ಬರುತ್ತಿತ್ತು. ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಜನ ಸಾಲುಗಟ್ಟಿದ್ದರು. ಆ ಸಾಲಿನಲ್ಲಿ ಇವರೂ ನಿಂತಿದ್ದರು.

ಇಸಿಜಿ, ಎಕೋ (ಹೃದಯದ ಸ್ಕ್ಯಾನ್), ಟಿಎಂಟಿ (ಟ್ರೆಡ್‌ಮಿಲ್ ಮೇಲೆ ನಡೆಸಿ ಹೃದಯ ನೋಡುವ ಪರೀಕ್ಷೆ), ಥೈರಾಯ್ಡ್, ಎಲ್ಲವೂ ಸರಿ ಎಂದು ಬಂತು. ಸಮಾಧಾನ ಒಂದು ವಾರ ಉಳಿಯಿತು. ಆಮೇಲೆ ಒಂದು ರಾತ್ರಿ ಎದೆ ಢವಢವ, ಉಸಿರು ಸಿಗದ ಹಾಗೆ, ಬೆರಳುಗಳಲ್ಲಿ ಜುಮುಜುಮು. ‘ಮಿಷನ್‌ಗೆ ಸಿಕ್ಕಿರಲಿಕ್ಕಿಲ್ಲ’ ಎಂದು ಮತ್ತೆ ಇಸಿಜಿ. ಮನೆಯವರು ಗ್ಯಾಸ್ಟ್ರಿಕ್ ಎಂದರು, ಗೆಳೆಯರು ‘ಸುಮ್ನೆ ಯೋಚ್ನೆ ಮಾಡ್ಬೇಡ, ಧೈರ್ಯ ತಗೋ’ ಎಂದರು. ತಗೊಳ್ಳೋ ಹಾಗಿದ್ದರೆ ಯಾರು ಬಿಡುತ್ತಿದ್ದರು?

ಆಪ್ತಸಮಾಲೋಚನೆಗೆಂದು ನನ್ನ ಬಳಿ ಬರುವಷ್ಟರಲ್ಲಿ ಅವರ ಬದುಕು ತುಂಬಾ ಚಿಕ್ಕದಾಗಿತ್ತು. ಗೋದಾಮಿನ ಅಟ್ಟದ ಮೆಟ್ಟಿಲು ಹತ್ತುತ್ತಿರಲಿಲ್ಲ. ತಿಪಟೂರಿನ ಕೊಬ್ಬರಿ ಹರಾಜಿಗೆ ಒಬ್ಬರೇ ಹೋಗುತ್ತಿರಲಿಲ್ಲ. ಹೆಂಡತಿಯ ಹತ್ತಿರ ಮಲಗುವುದಕ್ಕೂ ಅಂಜಿಕೆ. ಇದನ್ನು ಮೂರನೇ ಭೇಟಿಯಲ್ಲಿ, ತಲೆ ತಗ್ಗಿಸಿ ಹೇಳಿದರು. ಕೈಗೆ ನಾಡಿ ತೋರಿಸುವ ವಾಚು ಕಟ್ಟಿಕೊಂಡು ಗಳಿಗೆಗೊಮ್ಮೆ ನೋಡುತ್ತಿದ್ದರು. ‘ನಂಗೇನೂ ಆಗಲ್ಲ ಅಲ್ವಾ?’ ಎಂದು ಹೆಂಡತಿಯನ್ನು ಕೇಳುತ್ತಲೇ ಇದ್ದರು. ಆಕೆಯೂ ಪ್ರೀತಿಯಿಂದ ‘ಏನಾಗಲ್ಲ’ ಎನ್ನುತ್ತಿದ್ದರು.

ನಾನು ಮೊದಲು ಹೇಳಿದ್ದು ದೇಹದ ಕಥೆ. ಹೆದರಿಕೆಯಾದಾಗ ಅಡ್ರಿನಲಿನ್ ಸುರಿದು ಗುಂಡಿಗೆ ಜೋರಾಗಿ ಬಡಿಯುತ್ತದೆ. ಉಸಿರಾಟ ಬಿರುಸಾಗಿ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ. ಜುಮುಜುಮು, ತಲೆ ಹಗುರಾಗುವುದು ಅದರಿಂದಲೇ. ನಾಟಕವಲ್ಲ, ಎಲ್ಲವೂ ನಿಜ. ಆದರೆ ಪ್ಯಾನಿಕ್ ಅಟ್ಯಾಕ್ ಎನ್ನುವ ಈ ಭಯದ ಅಲೆ ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿ ಮುಟ್ಟಿ ಇಳಿಯುತ್ತದೆ. ಮಂಜಣ್ಣನವರಿಗೆ ಅದು ಗೊತ್ತೇ ಆಗಿರಲಿಲ್ಲ. ಇಳಿಯುವ ಮೊದಲೇ ಆಸ್ಪತ್ರೆಗೆ ಓಡುತ್ತಿದ್ದರಲ್ಲ, ಬದುಕಿಸಿದ್ದು ಆ ಓಟವೇ ಎಂದುಕೊಂಡಿದ್ದರು. ಪರೀಕ್ಷೆ, ವಾಚು, ಹೆಂಡತಿಯ ಮಾತು, ಎಲ್ಲವೂ ಕೆರೆದಷ್ಟೂ ಹೆಚ್ಚುವ ತುರಿಕೆಯಂತೆ.

ಹಾಗಂತ ಎದೆನೋವನ್ನೆಲ್ಲ ಆತಂಕ ಎಂದು ಕಡೆಗಣಿಸಬಾರದು. ಎದೆ ಹಿಂಡಿದಂತಾಗುವುದು, ನೋವು ತೋಳಿಗೆ, ದವಡೆಗೆ ಹರಡುವುದು, ತಣ್ಣನೆ ಬೆವರು ಕಂಡರೆ ಯಾರೇ ಆದರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಇವರ ವಿಷಯದಲ್ಲಿ ಹೃದಯತಜ್ಞರು ಪರೀಕ್ಷೆ ಮುಗಿಸಿ, ಮುಂದಿನ ತಪಾಸಣೆ ಯಾವಾಗ ಎಂದೂ ಬರೆದುಕೊಟ್ಟಿದ್ದರು. ಅದೇ ನಮ್ಮ ಗೆರೆ. ಮೇಲಿನ ಲಕ್ಷಣ ಕಾಣದಿದ್ದರೆ, ಅಲ್ಲಿವರೆಗೆ ಇಸಿಜಿ ಇಲ್ಲ.

ವಾಚು ಬೀರು ಸೇರಿತು. ಹೆಂಡತಿಗೆ ಕಷ್ಟದ ಕೆಲಸ ಕೊಟ್ಟೆ: ‘ಏನಾಗಲ್ಲ’ ಎನ್ನಬೇಡಿ; ‘ಇದಕ್ಕೆ ಡಾಕ್ಟರ್ ಉತ್ತರ ಕೊಟ್ಟಾಗಿದೆ, ಬನ್ನಿ, ಊಟ ಮಾಡೋಣ’ ಎನ್ನಿ. ಮೊದಲ ವಾರ ಮನೆಯಲ್ಲಿ ಜಗಳವೇ ಆಯಿತು. ಇನ್ನು ಮೆಟ್ಟಿಲು. ಕ್ಲಿನಿಕ್ಕಿನ ಮೆಟ್ಟಿಲನ್ನು ಇಬ್ಬರೂ ಒಟ್ಟಿಗೆ ಹತ್ತಿದೆವು, ಎದೆ ಬಡಿಯಲಿ ಎಂದೇ. ಬಡಿಯಿತು. ನಾಡಿ ಮುಟ್ಟದೆ ಕೂತು ಇಳಿಯುವವರೆಗೂ ಕಾದೆವು. ಈ ಕೆಲಸಕ್ಕೆ ಸಮ ಬೇರೆ ಇಲ್ಲ ಎಂಬುದು ನನ್ನ ಅಭಿಪ್ರಾಯ. ದೀರ್ಘ ಉಸಿರು ಒಳ್ಳೆಯದೇ, ಆದರೆ ಅದನ್ನೂ ಕೆಲವರು ಭಯ ಓಡಿಸುವ ಮಂತ್ರ ಮಾಡಿಕೊಳ್ಳುತ್ತಾರೆ. ಕಾಫಿ ದಿನಕ್ಕೆ ಎರಡು ಲೋಟಕ್ಕೆ ಇಳಿಯಿತು. ವಾಟ್ಸ್ಆಪ್ ಸಾವಿನ ಸುದ್ದಿಗೆ ಕಡಿವಾಣ.

ಅವರು ಮೆಡಿಕಲ್ ಅಂಗಡಿಯಿಂದ ತಂದು ನುಂಗುತ್ತಿದ್ದ, ಆತಂಕ ತಗ್ಗಿಸುವ ಆಲ್ಪ್ರಜೊಲಾಮ್ ಬಗ್ಗೆ ಮಾತ್ರ ಮನೋವೈದ್ಯರ ಬಳಿ ಕಳಿಸಿದೆ. ಅದು ಚಟವಾಗುವ ಮಾತ್ರೆ, ದಿಢೀರನೆ ನಿಲ್ಲಿಸುವುದೂ ಅಪಾಯ. ವೈದ್ಯರು ಅದನ್ನು ನಿಧಾನಕ್ಕೆ ಇಳಿಸಿ, ಚಟ ಹಿಡಿಸದ ಬೇರೆ ಮಾತ್ರೆ ಕೊಟ್ಟರು. ಅದರ ಗುಣ ಕಾಣಲು ಕೆಲವು ವಾರ ಬೇಕು, ಮಧ್ಯೆ ಬಿಡಬಾರದು. ರಾತ್ರಿ ಹೊತ್ತು ಮಾತಾಡಲೇಬೇಕು ಅನ್ನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ. ಉಚಿತ, ಕನ್ನಡದಲ್ಲೂ ಮಾತಾಡಬಹುದು.

ಈಗ ಅವರು ತಿಪಟೂರಿಗೆ ಬಸ್ಸಿನಲ್ಲಿ ಒಬ್ಬರೇ ಹೋಗಿಬರುತ್ತಾರೆ. ಈಚೆಗೆ ನೆಂಟರೊಬ್ಬರು ತೀರಿಕೊಂಡಾಗ ಮತ್ತೆ ನಾಡಿ ಹಿಡಿಯತೊಡಗಿದರು, ಇಸಿಜಿ ಮಾಡಿಸಲಾ ಎಂದು ಫೋನ್ ಮಾಡಿದರು. ವೈದ್ಯರ ಚೀಟಿಯಲ್ಲಿ ತಾರೀಖು ಏನಿದೆ ಓದಿ ಎಂದೆ. ಓದಿದರು, ಬೈದುಕೊಂಡೇ ಫೋನ್ ಇಟ್ಟರು. ಮಾರನೆಯ ದಿನ ತಿಥಿಗೆ ಹೋಗಿಬಂದರಂತೆ.