ಕನಸನ್ನು ಕುಣಿದು ಕಳೆಯಬಹುದಾ?

ಪ್ರಶ್ನೆ: ಅಪ್ಪ ಹೋಗಿ ಹದಿನಾಲ್ಕು ತಿಂಗಳಾಯಿತು. ವಾರಕ್ಕೆ ಎರಡು ಸಲವಾದರೂ ಒಂದೇ ಕನಸು ಬೀಳುತ್ತದೆ. ತೋಟದ ಕೆರೆಯ ಆಚೆ ದಡದಲ್ಲಿ ನಿಂತು ಅಪ್ಪ ಕೈ ಬೀಸುತ್ತಾರೆ, ನನಗೆ ಕಾಲೇ ಏಳುವುದಿಲ್ಲ. ಬೆಂಗಳೂರಿನ ತಂಗಿ ಒಂದು ಶಿಬಿರದ ಜಾಹೀರಾತು ಕಳಿಸಿದ್ದಾಳೆ. ಎರಡು ದಿನ ಡ್ರಮ್ ಬಾರಿಸಿ, ಕಣ್ಣು ಕಟ್ಟಿ ಕುಣಿಸಿ, ಕನಸಿನ ಒಳಗೆ ಕರೆದುಕೊಂಡು ಹೋಗಿ ಗುಣ ಮಾಡುತ್ತಾರಂತೆ. ಅದಕ್ಕೆ ‘ಶಾಮನಿಕ್’ ಅನ್ನುತ್ತಾರಂತೆ. ಅತ್ತೆ ಕೇಳಿ ನಕ್ಕರು, “ಅದಕ್ಕೆ ಅಷ್ಟು ದೂರ ಯಾಕೆ, ನಮ್ಮಲ್ಲಿ ಕೋಲ ಇಲ್ವಾ?” ಅಂದರು. ಹೋಗಲಾ, ಬೇಡವಾ?
– ಹೆಸರು ಬೇಡ, ಬದಿಯಡ್ಕ

ಉತ್ತರ: ಮೊದಲು ಅತ್ತೆಯ ಮಾತು. ಕೋಲ ಅಂದರೆ ಪಾತ್ರಿಯ ಮೈಮೇಲೆ ದೈವ ಬಂದು ಕುಣಿಯುವ ನಮ್ಮ ಕಡೆಯ ಆರಾಧನೆ. ಕೋಲಗಳ ಕಾಲ ಮುಗಿಯುವ ಪತ್ತನಾಜೆ ಕಳೆಯಿತು, ದೈವದ ಕಾಲಿಗೆ ಕಟ್ಟುವ ಗಗ್ಗರ ಒಳಗೆ ಸೇರಿತು, ಇನ್ನು ಮಳೆಗಾಲ ಮುಗಿಯುವವರೆಗೆ ಆ ದಾರಿ ಹೇಗೂ ಇಲ್ಲ. ಇದ್ದರೂ ಎರಡೂ ಒಂದೇ ಅಲ್ಲ. ಶಾಮನ್ ಅನ್ನುವ ಶಬ್ದ ಸೈಬೀರಿಯದ ಎವೆಂಕಿ ಜನರ ಕಡೆಯಿಂದ ಬಂದದ್ದು. ಅಲ್ಲಿ ಶಾಮನ್ ಡೋಲು ಬಾರಿಸುತ್ತಾ ಮೈಮರೆತು, ರೋಗಿಯ ಪರವಾಗಿ ತಾನೇ ಆಚೆ ಲೋಕಕ್ಕೆ ಹೋಗಿ ಬರುತ್ತಾನೆ ಅಂತ ನಂಬಿಕೆ. ನಮ್ಮಲ್ಲಿ ಯಾರೂ ಎಲ್ಲಿಗೂ ಹೋಗುವುದಿಲ್ಲ, ದೈವವೇ ಅಂಗಳಕ್ಕೆ ಬರುತ್ತದೆ. ಇನ್ನು ನಗರಗಳಲ್ಲಿ ನಡೆಯುವ ಶಿಬಿರಗಳಿವೆಯಲ್ಲ, ಹೆಚ್ಚಿನವುಗಳ ಬೇರು ಮೈಕಲ್ ಹಾರ್ನರ್ ಅನ್ನುವ ಅಮೆರಿಕದ ಮಾನವಶಾಸ್ತ್ರಜ್ಞ 1970-80ರ ದಶಕಗಳಲ್ಲಿ ಕಲಿಸಿದ ಪಾಠದಲ್ಲಿದೆ. ಬೇರೆ ಬೇರೆ ಬುಡಕಟ್ಟುಗಳಲ್ಲಿ ಕಂಡದ್ದನ್ನು ಸೋಸಿ ಪೇಟೆಯವರಿಗೆ ಒಗ್ಗುವ ಹಾಗೆ ಮಾಡಿದ್ದು. ಜಾಹೀರಾತಿನಲ್ಲಿ ‘ಪುರಾತನ’ ಅಂತಿದ್ದರೆ ಸ್ವಲ್ಪ ಕಡಿಮೆ ಮಾಡಿ ಓದಿ.

ಹಾಗಂತ ಕನಸನ್ನು ಕುಣಿಯುವುದು ಸುಳ್ಳೇನಲ್ಲ. ಅಮೆರಿಕದ ಲಕೋಟಾ ಜನರಲ್ಲಿ ಬ್ಲ್ಯಾಕ್ ಎಲ್ಕ್ ಅಂತ ಒಬ್ಬರಿದ್ದರು. ಒಂಬತ್ತು ವರ್ಷದಲ್ಲಿ ಕಾಯಿಲೆ ಬಿದ್ದಾಗ ಅವರಿಗೆ ದೊಡ್ಡದೊಂದು ದರ್ಶನ ಆಯಿತು, ನಾಲ್ಕು ದಿಕ್ಕಿನಿಂದ ನಾಲ್ಕು ಬಣ್ಣದ ಕುದುರೆಗಳು. ಹುಡುಗ ಯಾರಿಗೂ ಹೇಳಲಿಲ್ಲ. ಹದಿನಾರರ ಹೊತ್ತಿಗೆ ಗುಡುಗು ಕೇಳಿದರೆ ನಡುಗುವ ಹಾಗಾಯಿತು. ಕೊನೆಗೆ ಒಬ್ಬ ಮುದಿ ವೈದ್ಯನ ಹತ್ತಿರ ಬಾಯಿಬಿಟ್ಟಾಗ, ನೀನು ಕಂಡದ್ದನ್ನು ಜನರ ಎದುರು ಆಡಿ ತೋರಿಸು ಅಂದರಂತೆ. 1881ರಲ್ಲಿ ನಿಜವಾದ ಕುದುರೆಗಳನ್ನೇ ತಂದು ಆ ಕುಣಿತ ನಡೆಯಿತು. ಭಯ ಬಿಟ್ಟುಹೋಯಿತು. ಇದರಲ್ಲಿ ನನಗೆ ಮುಖ್ಯ ಅನಿಸುವುದು ಕುದುರೆ ಅಲ್ಲ, ಊರು. ಒಬ್ಬನೇ ಹೊತ್ತುಕೊಂಡದ್ದನ್ನು ಊರೇ ನಿಂತು ನೋಡಿತು.

ನಮ್ಮ ಕೋಲದಲ್ಲೂ ಅಷ್ಟೇ ಅಲ್ವಾ? ಚಿಕ್ಕಂದಿನಲ್ಲಿ ನನಗೆ ಆವೇಶಕ್ಕಿಂತ ಜಾಸ್ತಿ ಕುತೂಹಲ ಇದ್ದದ್ದು ಅದು ಇಳಿದ ಮೇಲೆ ಏನಾಗುತ್ತದೆ ಅಂತ. ಬೆಳಗಿನ ಜಾವ ಸೋಗೆಯ ಚಪ್ಪರದ ಹಿಂದೆ ಹೋಗಿ ನೋಡುತ್ತಿದ್ದೆ. ಬೆನ್ನಿಗೆ ಕಟ್ಟುವ ಅಣಿ ಬಿಚ್ಚಿಟ್ಟಾಗಿತ್ತು. ಕೋಲ ಕಟ್ಟಿದವನನ್ನು ಒಬ್ಬ ಬೆನ್ನು ಹಿಡಿದು ಕೂರಿಸಿದ್ದ, ಇನ್ನೊಬ್ಬ ತೆಂಗಿನೆಣ್ಣೆ ಹಚ್ಚಿ ಮುಖದ ಬಣ್ಣ ತೆಗೆಯುತ್ತಿದ್ದ. ಗಗ್ಗರ ತೆಗೆದ ಕಾಲಗಂಟಿನ ಸುತ್ತ ಕೆಂಪು ಬರೆ. ರಾತ್ರಿಯಿಡೀ ಊರಿಗೆಲ್ಲ ಅಭಯ ಕೊಟ್ಟ ಬಾಯಿ “ಒಂದು ಚಾಯ ಉಂಟಾ?” ಅಂತ ಕೇಳಿತು. ಮೈಮೇಲೆ ಬರಿಸುವುದಕ್ಕೆ ಎಷ್ಟು ಜನ ಬೇಕೋ, ಇಳಿಸುವುದಕ್ಕೂ ಅಷ್ಟೇ ಜನ. ಆ ಕೆಲಸ ಮನೆತನದಲ್ಲಿ ತಲೆಮಾರಿನಿಂದ ತಲೆಮಾರಿಗೆ ಬಂದದ್ದು, ವ್ರತ ಹಿಡಿದು ಮಾಡುವಂಥದ್ದು. ಎರಡು ದಿನದಲ್ಲಿ ಕಲಿಸುತ್ತೇವೆ ಅಂದರೆ ನನಗೆ ನಂಬಿಕೆ ಬರುವುದಿಲ್ಲ.

ಆದ್ದರಿಂದ ಶಿಬಿರದವರನ್ನು ಒಂದೇ ಕೇಳಿ: ಕುಣಿಯುತ್ತಾ ಯಾರಾದರೂ ಅಳಲು ಶುರುಮಾಡಿ ನಿಲ್ಲಿಸಲಾಗದೆ ಹೋದರೆ ಹತ್ತಿರ ಯಾರಿರುತ್ತಾರೆ, ಸೋಮವಾರ ಯಾರು ಫೋನ್ ಎತ್ತುತ್ತಾರೆ? ಉತ್ತರ ತಡವರಿಸಿದರೆ ದುಡ್ಡು ಉಳಿಸಿಕೊಳ್ಳಿ. ಅಪಸ್ಮಾರ ಇದ್ದರೆ, ಮಾನಸಿಕ ಕಾಯಿಲೆಗೆ ಮಾತ್ರೆ ನಡೆಯುತ್ತಿದ್ದರೆ, ಡಾಕ್ಟರನ್ನು ಕೇಳದೆ ಹೋಗಲೇ ಬೇಡಿ. ಇನ್ನು ನೃತ್ಯ ಚಿಕಿತ್ಸೆ ಅಂತ ಬೇರೆಯೇ ಒಂದಿದೆ. 1942ರಲ್ಲಿ ಮೇರಿಯನ್ ಚೇಸ್ ಅನ್ನುವ ನೃತ್ಯಗಾತಿ ವಾಷಿಂಗ್ಟನ್‌ನ ಮಾನಸಿಕ ಆಸ್ಪತ್ರೆಯಲ್ಲಿ ಶುರುಮಾಡಿದರು. ರೋಗಿ ಹೇಗೆ ಕೈ ಆಡಿಸುತ್ತಾನೋ ಹಾಗೆಯೇ ತಾವೂ ಆಡಿಸಿ ಜೊತೆಗೂಡುತ್ತಿದ್ದರು. ತರಬೇತಾದವರು ಸಿಕ್ಕಿದರೆ ಧಾರಾಳವಾಗಿ ಹೋಗಿ.

ಈಗ ನಿಮ್ಮ ಕನಸು. ಅಪ್ಪ ಕೈ ಬೀಸುತ್ತಾರೆ ಅಂದಿರಿ. ಬಾ ಅಂತಲಾ, ಹೋಗು ಅಂತಲಾ? ನೀವು ಬರೆದೇ ಇಲ್ಲ. ತಂಗಿ ಊರಿಗೆ ಬಂದಾಗ ಹಗಲು ಹೊತ್ತಿನಲ್ಲಿ ಇಬ್ಬರೂ ಅಂಗಳದಲ್ಲಿ ಬರಿಗಾಲಲ್ಲಿ ನಿಲ್ಲಿ. ಡ್ರಮ್ ಬೇಡ. ಮೊದಲು ಆ ಏಳದ ಕಾಲಿನ ಹಾಗೆಯೇ ನಿಂತುಕೊಳ್ಳಿ, ಆಮೇಲೆ ಭಾರವನ್ನು ಮೆಲ್ಲ ಒಂದು ಕಾಲಿನಿಂದ ಇನ್ನೊಂದಕ್ಕೆ ದಾಟಿಸಿ. ನಂತರ ಅಪ್ಪನ ಜಾಗದಲ್ಲಿ ನಿಂತು ಅವರ ಹಾಗೆ ಕೈ ಬೀಸಿ ನೋಡಿ, ಅಂಗೈ ಯಾವ ಕಡೆ ತಿರುಗುತ್ತದೆ ಅಂತ. ಸಾಕಾಯಿತು ಅನಿಸಿದರೆ ನಿಲ್ಲಿಸಿ ಚಾ ಕುಡಿಯಿರಿ. ಕನಸಿಗೆ ನಿಮಗೆ ಬೇಕಾದ ಬೇರೆ ಕೊನೆ ಬರೆದು ದಿನಾ ಹತ್ತು ಹದಿನೈದು ನಿಮಿಷ ಮನಸ್ಸಿನಲ್ಲೇ ನಡೆಸಿಕೊಂಡು ಬನ್ನಿ. ಇದು ನನ್ನ ಹುಚ್ಚಲ್ಲ, ಕೆಟ್ಟ ಕನಸಿಗೆ ಮನೋವೈದ್ಯರೇ ಹೇಳಿಕೊಡುವ ಕ್ರಮ. ದೌರ್ಜನ್ಯಕ್ಕೆ ಸಿಕ್ಕಿದ 168 ಮಹಿಳೆಯರ ಮೇಲೆ ಅಮೆರಿಕದಲ್ಲಿ ಪರೀಕ್ಷೆ ಮಾಡಿ, 2001ರಲ್ಲಿ ಫಲ ಇದೆ ಅಂತ ವರದಿ ಮಾಡಿದ್ದರು.

ಕೇರಳಕ್ಕೆ ಸೇರಿದ ನಮ್ಮ ಕಾಸರಗೋಡು ಜಿಲ್ಲೆಯ ತಾಪತ್ರಯ ಇನ್ನೊಂದು. ಕನಸು ಬೀಳುವುದು ಹವ್ಯಕ ಕನ್ನಡದಲ್ಲೋ ತುಳುವಿನಲ್ಲೋ, ಡಾಕ್ಟರಿಗೆ ಹೇಳಬೇಕಾದದ್ದು ಮಲಯಾಳದಲ್ಲಿ. ನಾನೊಮ್ಮೆ ‘ಎದೆ ಧಸಕ್ ಅನ್ನುತ್ತದೆ’ ಅನ್ನುವುದಕ್ಕೆ ಮಲಯಾಳ ಸಿಗದೆ ಸುಮ್ನೆ ಎದೆ ಮುಟ್ಟಿ ತೋರಿಸಿದೆ, ಇಸಿಜಿಗೆ ಬರೆದುಕೊಟ್ಟರು! ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, ನಂಬರ್ 14416, ಫೋನ್ ಮಾಡಿದರೆ ಕನ್ನಡ ಆರಿಸಿಕೊಳ್ಳಬಹುದು. ದುಡ್ಡಿಲ್ಲ.

ಪ್ರಶ್ನೆ: ಬೆಳಗಿನ ಜಾವ ಎಚ್ಚರ ಆದ ಹಾಗಾಗುತ್ತದೆ, ಎದೆ ಮೇಲೆ ಯಾರೋ ಕೂತಿರುತ್ತಾರೆ, ಕೂಗಲು ಆಗುವುದಿಲ್ಲ. ಗುಳಿಗ ದೈವದ ಉಪದ್ರ ಅಂತ ಅಜ್ಜಿ ಜೋಯಿಸರಲ್ಲಿ ಪ್ರಶ್ನೆ ಇಡಿಸಲು ಹೊರಟಿದ್ದಾರೆ.
– ವಿದ್ಯಾರ್ಥಿ, ಉಪ್ಪಳ

ಉತ್ತರ: ಕನಸು ಬೀಳುವ ನಿದ್ದೆಯಲ್ಲಿ ಕೈಕಾಲಿನ ಸ್ನಾಯುಗಳು ಸಡಿಲವಾಗಿರುತ್ತವೆ, ಇಲ್ಲದಿದ್ದರೆ ಕನಸಿನಲ್ಲಿ ಓಡುವವ ಮಂಚದಿಂದಲೇ ಓಡುತ್ತಿದ್ದ. ಒಮ್ಮೊಮ್ಮೆ ಮನಸ್ಸು ಮೊದಲು ಏಳುತ್ತದೆ, ಮೈ ಹಿಂದೆ ಉಳಿಯುತ್ತದೆ. ಅದೇ ಇದು. ಸ್ವಲ್ಪ ಹೊತ್ತಿನಲ್ಲಿ ತಾನಾಗಿ ಬಿಡುತ್ತದೆ. ನಿದ್ದೆಗೆಟ್ಟವರಿಗೆ, ಅಂಗಾತ ಮಲಗುವವರಿಗೆ ಜಾಸ್ತಿ. ಮಗ್ಗುಲಾಗಿ ಮಲಗಿ, ಪರೀಕ್ಷೆ ಅಂತ ರಾತ್ರಿ ಎರಡರವರೆಗೆ ಕೂರಬೇಡಿ. ಹಗಲಲ್ಲೂ ತಡೆಯಲಾಗದಷ್ಟು ನಿದ್ದೆ ಎಳೆಯುತ್ತಿದ್ದರೆ ಡಾಕ್ಟರಿಗೆ ತೋರಿಸಿ. ಅಜ್ಜಿಗೆ ಸಮಾಧಾನ ಆಗುವುದಾದರೆ ಗುಳಿಗನಿಗೆ ಒಂದು ಎಳನೀರಿನ ಬೊಂಡ ಇಟ್ಟು ಬನ್ನಿ, ತೊಂದರೆಯೇನಿಲ್ಲ.